ಪಿನ್ನಿನ ತುದಿಯ ಅಗುಳು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನದು
ಆರಡಿ ಅಗಲದ ಅಂಗಡಿ.
ಒಂದು ದೀಪ, ಒಂದು ಭೂತಗನ್ನಡಿ,
ಸ್ಪಿರಿಟ್ಟಿನ ಬಾಟಲಿ, ಹಲ್ಲುಜ್ಜಿ ಸವೆದ ಬ್ರಷ್ಷು.
"ಭಾಯ್, ಸೌಂಡೇ ಬರ್ತಿಲ್ಲ" ಎಂದು ತರುತ್ತಾರೆ,
"ಎಂಟು ಗಂಟೆಯೊಳಗೆ ಕೊಟ್ಟುಬಿಡಿ,
ಇಲ್ಲದಿದ್ರೆ ಮಗು ಉಣ್ಣಲ್ಲ."
ನಾನು ಪಿನ್ನು ಹಾಕಿ ಕೆದಕುತ್ತೇನೆ.

ಸ್ಪೀಕರಿನ ಜಾಲರಿಯಿಂದ ಬರುವುದು ಅನ್ನ.
ಒಣಗಿದ್ದು, ಅರಿಸಿನ ಹಿಡಿದದ್ದು,
ಎಳೆಯ ಹಲ್ಲು ಅರ್ಧ ಕಚ್ಚಿ ಬಿಟ್ಟದ್ದು.
ಚಾರ್ಜರ್ ಸಿಕ್ಕಿಸುವ ಬಾಯಲ್ಲಿ ರಾಗಿ ಮಣ್ಣಿ,
ಗಾಜಿನ ಅಂಚಿಗೆ ಮಿಡಿ ಉಪ್ಪಿನಕಾಯಿಯ ಎಣ್ಣೆ,
ತೀರ್ಥಹಳ್ಳಿ ಬಸ್ಸಿನಲ್ಲಿ ಬಂದ ಸೆಟ್ಟಿನ ಕವರಿನೊಳಗೆ
ಕಡುಬಿನ ಚೂರು,
ಮೀನು ಮಾರುವ ಗುಲಾಬಿಯಮ್ಮನದರಲ್ಲಿ
ಬಂಗುಡೆಯ ಒಂದು ಸಣ್ಣ ಮುಳ್ಳು.

ಅನ್ನ ಬೆಂದಿದೆಯೋ ನೋಡಲು
ಒಂದಗುಳು ಹಿಸುಕಿದರೆ ಸಾಕಂತೆ.
ಇಲ್ಲಿ ಕೂತೇ ಎಷ್ಟು ಮನೆಯ ಪಾತ್ರೆಗೆ ಇಣುಕಿದ್ದೇನೆ!
ಯಾರ ಮನೆಯಲ್ಲಿ ಏನು ಅಡಿಗೆ, ನನಗೆ ಗೊತ್ತು.
ತಿಂದ ಮಕ್ಕಳಿಗೆ ಗೊತ್ತಿಲ್ಲ.

ನನ್ನ ಮಗಳನ್ನೇ ನೋಡಿ, ಮೆಹಕ್.
ಪರಿಮಳ ಅಂತ ಅರ್ಥ, ನಾನೇ ಇಟ್ಟ ಹೆಸರು.
ನಿನ್ನೆ ರಾತ್ರಿ ಏನು ಉಂಡೆ ಎಂದು ಅಂಗನವಾಡಿ ಟೀಚರು ಕೇಳಿದರೆ
"ನೀಲಿ ಆನೆ" ಅಂದಳಂತೆ.
ನಗಬೇಡಿ, ಸುಳ್ಳಲ್ಲ ಅದು.
ಆನೆ ಜಾರುಬಂಡಿ ಇಳಿಯುವಾಗ
ಅವಳ ಬಾಯಿ ತಂತಾನೇ ತೆರೆಯುತ್ತದೆ,
ರುಬೀನಾ ತುತ್ತಿಡುತ್ತಾಳೆ,
ಗ್ಯಾರೇಜಿನಲ್ಲಿ ಗಾಡಿಗೆ ಆಯಿಲ್ ಹೊಯ್ದ ಹಾಗೆ.
ಏನಾದರೂ ಅಂದರೆ, "ತೂಕ ಕಮ್ಮಿ ಅಂತ ಡಾಕ್ಟರು ಬೈದದ್ದು
ನಿಮಗಲ್ಲ, ನನಗೆ."
ನಾನು ಪಕ್ಕದಲ್ಲಿ ಉಣ್ಣುತ್ತೇನೆ,
ಎಡಗೈಯಲ್ಲಿ ಇನ್ನೊಂದು ಫೋನು.
"ಉಪ್ಪು ಸರಿಯಿತ್ತಾ?" ಎಂದು ಕೇಳಿದಳು ಒಮ್ಮೆ.
"ಹ್ಞೂಂ" ಎಂದೆ.
ಅವತ್ತು ಅವಳು ಉಪ್ಪೇ ಹಾಕಿರಲಿಲ್ಲ.

ಹೋದ ಸೋಮವಾರ ಮೆಗ್ಗಾನ್ ಆಸ್ಪತ್ರೆಯ ಸಿಸ್ಟರ್ ದಾಕ್ಷಾಯಣಿ
ಡ್ಯೂಟಿ ಮುಗಿಸಿ ಬಂದು
ಮನೆಯ ಎರಡನೇ ಫೋನನ್ನು ಕೌಂಟರಿನ ಮೇಲಿಟ್ಟರು.
ಆನ್ ಮಾಡಿದೆ, ಒತ್ತಿದೆ, ಹಾಡಿಸಿದೆ.
"ಏನೂ ಆಗಿಲ್ಲವಲ್ಲಮ್ಮ ಇದಕ್ಕೆ."
"ಗೊತ್ತು. ಹತ್ತು ದಿನ ಅಡ್ಮಿಟ್ ಮಾಡ್ಕೊಳ್ಳಿ.
ಮಗನಿಗೆ ಕೆಟ್ಟಿದೆ ಅಂದಿದ್ದೀನಿ."
ಚೀಟಿ ಬರೆದುಕೊಟ್ಟೆ. ದೋಷ ಬರೆಯುವ ಜಾಗದಲ್ಲಿ
ಏನೂ ತೋಚದೆ ಒಂದು ಗೀಟೆಳೆದೆ.

ಡ್ರಾಯರಿನೊಳಗೆ ಅದು ದಿನಾ ರಾತ್ರಿ ಎಂಟಕ್ಕೆ
ಹೊಡೆದುಕೊಳ್ಳುತ್ತದೆ.
ತೆರೆದು ನೋಡಿದರೆ ಅಲಾರಮ್ಮು:
"ಚಿರಂತ್ ಊಟ".

ನಾಲ್ಕನೇ ದಿನ ಆ ಹುಡುಗನೇ ಬಂದ,
ಅಜ್ಜನ ಬೆರಳು ಹಿಡಿದು, ರೋಗಿಯನ್ನು ನೋಡಲು.
ಇನ್ನೊಂದು ಕೈಯಲ್ಲಿ ಉಪ್ಪುಖಾರ ಸವರಿದ ಸೀಬೆಕಾಯಿ.
"ಹುಷಾರಾಯ್ತಾ?"
"ಇನ್ನೂ ಇಲ್ಲ ಕಣೋ."
ಕಚ್ಚಿದ. ಅಗಿದ. ನಿಲ್ಲಿಸಿದ.
ಕಣ್ಣಲ್ಲಿ ನೀರು, ಮೂಗಲ್ಲಿ ನೀರು.
"ಖಾರ!" ಎಂದ, ಏನೋ ಸಿಕ್ಕಿದವರ ಹಾಗೆ,
ಮತ್ತೆ ಅಲ್ಲೇ ಕಚ್ಚಿದ.
ನಾಲಿಗೆ ಚಾಚಿ ಒಂದು ಬೀಜ ತೆಗೆದು
ನನ್ನ ದೀಪಕ್ಕೆ ಹಿಡಿದು ನೋಡಿದ,
ಪಿನ್ನಿನ ತುದಿಯ ಅಗುಳನ್ನು ನಾನು ನೋಡುವ ಹಾಗೆಯೇ.
ಹೋಗುವಾಗ ಒಂದು ಚೂರು ಮುರಿದು ಕೌಂಟರಿನ ಮೇಲಿಟ್ಟ.
ಫೋನಿಗಂತೆ.

ಅದನ್ನು ನಾನೇ ತಿಂದೆ.
ಉಪ್ಪು ಸರಿಯಿತ್ತು.

ಆ ರಾತ್ರಿ ಮನೆಯಲ್ಲಿ ಧೈರ್ಯ ಮಾಡಿ
ಫೋನನ್ನು ಗೋದಿ ಹಿಟ್ಟಿನ ಡಬ್ಬಿಯ ಹಿಂದಿಟ್ಟೆ.
"ಕೆಟ್ಟುಹೋಗಿದೆ, ಬೇಟಾ."
ರುಬೀನಾ ಉಸಿರು ಬಿಗಿಹಿಡಿದಳು.
ಮೆಹಕ್ ಅಳಲಿಲ್ಲ, ಹಟ ಮಾಡಲಿಲ್ಲ.
ಒಳಗೆ ಓಡಿ ನನ್ನ ಚೀಲ ಎಳೆದು ತಂದಳು,
ಸ್ಕ್ರೂಡ್ರೈವರು, ಬ್ರಷ್ಷು, ಪಿನ್ನು
ಒಂದೊಂದಾಗಿ ತಟ್ಟೆಯ ಪಕ್ಕ ಜೋಡಿಸಿ
ಅನ್ನದ ಮುಂದೆ ಕೂತಳು,
ಬಾಯಿ ತೆರೆದು,
ಕಣ್ಣು ನನ್ನ ಕೈಯ ಮೇಲೆ.